ರಾಗಿ ಹಿಟ್ಟಿನ ಕುಷ್ಠ

ಅರಗು ಸುಡುವ ವಾಸನೆ ನನಗೆ ಐವತ್ತೈದು ವರ್ಷದಿಂದ ಗೊತ್ತು. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಅದು ಕರಗಿ ಮರಕ್ಕೆ ಹಿಡಿಯುತ್ತದೆ, ಆಗ ಸ್ವಲ್ಪ ಸಿಹಿ, ಸ್ವಲ್ಪ ಕಮಟು ವಾಸನೆ ಬರುತ್ತದೆ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರ ಮನೆಯಲ್ಲಿ ಹುಟ್ಟಿದ ಮಗುವಿಗೆ ಹಾಲಿನ ವಾಸನೆಯ ನಂತರ ಗೊತ್ತಾಗುವುದು ಅದೇ. ಆ ಮಧ್ಯಾಹ್ನ ಬಂದದ್ದು ಬೇರೆ ವಾಸನೆ. ಪಕ್ಕದ ಲೇತ್‌ನಲ್ಲಿದ್ದ ನನ್ನ ವಾರಗೆಯವನು ತಿರುಗಿ ನೋಡಿ, "ಲೇ ಸಾಮ, ಬೆರಳು ಕಣ್ಲಾ!" ಎಂದು ಕೂಗಿ ತಾನೇ ಬಂದು ಸ್ವಿಚ್ ಆರಿಸಿದ.

ನನ್ನ ಎಡಗೈಯ ಕಿರುಬೆರಳು ಬಿಸಿ ಮರಕ್ಕೆ ತಾಗಿ ಚರ್ಮ ಸುಲಿದುಹೋಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಮನೆಗೆ ಬಂದು ಹೆಂಡತಿ ಸುಗುಣಳಿಗೆ ಬೆರಳು ತೋರಿಸಿ, ದೇವರ ದಯೆ ನೋಡು, ಇಷ್ಟು ಸುಟ್ಟರೂ ಒಂದು ಚೂರು ನೋವಾಗಲಿಲ್ಲ ಎಂದು ಹೆಮ್ಮೆಯಿಂದಲೇ ಹೇಳಿದೆ. ಅವಳು ಅರಿಶಿನ ಹಚ್ಚುತ್ತಾ ಮುಖ ಸಣ್ಣದು ಮಾಡಿಕೊಂಡಳು. "ನೋವಾಗ್ನಿಲ್ಲ ಅಂದ್ರೆ ಅದೇ ಭಯ ಕಣ್ರೀ. ನಾಳೀಕೆ ಆಸ್ಪತ್ರೆಗೆ ಓಗವ," ಎಂದಳು. ಆ ಮಾತು ಕೇಳಲು ನನಗೆ ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮೊಣಕೈ ಹತ್ತಿರದ ಮಾಸಲು ಮಚ್ಚೆಯನ್ನು ಹುಳುಕಡ್ಡಿ ಎಂದುಕೊಂಡು ನಾಲ್ಕು ಟ್ಯೂಬ್ ಮುಲಾಮು ಮುಗಿಸಿದ್ದೆ.

ಇದನ್ನು ಬರೆಯುತ್ತಿರುವುದು ಗುಣವಾದ ಮೇಲೆ. ಮಾತ್ರೆ ಮುಗಿದಿವೆ, ಮಚ್ಚೆ ಮಾಸಿದೆ. ಎಡಗೈಯ ಎರಡು ಬೆರಳು ಸ್ವಲ್ಪ ಬಾಗಿಕೊಂಡೇ ಉಳಿದಿವೆ, ಅವುಗಳ ಜೊತೆ ಹೊಂದಿಕೊಂಡು ಕೆಲಸ ಮಾಡುತ್ತಿದ್ದೇನೆ. ನನ್ನ ಕಾಯಿಲೆಯ ಹೆಸರನ್ನೇ ಕೇಳಿ ಯಾರಾದರೂ ಎಲ್ಲೋ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರೆ, ಅವರ ಪಕ್ಕ ಒಂದಿಷ್ಟು ಜರುಗಿ ಕೂರೋಣ ಅನ್ನಿಸಿ ಬರೆಯುತ್ತಿದ್ದೇನೆ.

ನನ್ನ ಇನ್ನೊಂದು ಕೆಲಸವನ್ನೂ ಹೇಳದಿದ್ದರೆ ಈ ಕಥೆ ಅರ್ಥವಾಗುವುದಿಲ್ಲ. ನಮ್ಮದು ಮೂವತ್ತು ಮನೆಯ ಸಣ್ಣ ಕ್ರೈಸ್ತ ಸಭೆ. ನಾನು ಅದರ ಹಿರಿಯರಲ್ಲಿ ಒಬ್ಬ. ಶನಿವಾರ ಸಂಜೆ ದೇವಾಲಯದ ಹಿಂದಿನ ಕೋಣೆಯಲ್ಲಿ ಬೈಬಲ್ ಓದಿಸುತ್ತೇನೆ. ವಾರಕ್ಕೆ ಒಂದೇ ಪದ. ಅದನ್ನು ಹಿಡಿದು ಎಳೆದಾಡಿ ಅರ್ಥ ಬಿಡಿಸುವುದು ನನ್ನ ಚಟ. 'ನೊಗ' ಎಂಬ ಪದ ಬಂದಾಗ, ಹಗುರವಾದ ನೊಗ ಎಂದರೆ ತೂಕ ಕಡಿಮೆ ಇರುವುದಲ್ಲ, ಎತ್ತಿನ ಕುತ್ತಿಗೆಗೆ ಸರಿಯಾಗಿ ಕೆತ್ತಿದ್ದು ಎಂದು ಮರ ಕೆಲಸದವನ ಧೈರ್ಯದಿಂದ ಹೇಳಿದ್ದೆ. 'ಸಾಸಿವೆ'ಗೆ ಬಂದಾಗ, ನಮ್ಮ ರಾಗಿ ಹೊಲದಲ್ಲಿ ಸಾಲಿನ ನಡುವೆ ಅಕ್ಕಡಿಗೆ ಹಾಕುವ ಸಾಸಿವೆ ಸೊಂಟದ ಮಟ್ಟ ಬೆಳೆದರೆ ಹೆಚ್ಚು, ಬೈಬಲ್‌ನಲ್ಲಿ ಹೇಳಿದ ಹಾಗೆ ಅದರಲ್ಲಿ ಹಕ್ಕಿ ಹೇಗೆ ಕೂತೀತು ಎಂದು ಒಂದು ಸಂಜೆಯಿಡೀ ಜಗಳವಾಗಿತ್ತು. ಊರಲ್ಲಿ ನನಗೆ 'ಪದದ ಸಾಮಣ್ಣ' ಎಂದೇ ಹೆಸರು. ಒಂದು ಪದ ಆಚೀಚೆ ಮಾಡಿ ಓದಿದರೆ ಸಭಾಪಾಲಕರನ್ನೂ ಬಿಡುವವನಲ್ಲ.

ತಿಂಗಳ ಮೊದಲ ಭಾನುವಾರ, ಯೇಸುವಿನ ಕೊನೆಯ ಊಟದ ನೆನಪಿಗೆ ನಡೆಯುವ ಕರ್ತನ ಭೋಜನದಲ್ಲಿ ಬಟ್ಟಲು ಹಿಡಿಯುವುದೂ ನನ್ನ ಕೆಲಸವೇ. ಸಭಾಪಾಲಕರು, ನಾವು ಅವರನ್ನು ಅಯ್ಯನವರು ಅನ್ನುತ್ತೇವೆ, ಮುಂದೆ ಬಂದವರಿಗೆ ರೊಟ್ಟಿ ಕೊಡುತ್ತಾರೆ. ಅವರ ಪಕ್ಕ ನಾನು. ಎಲ್ಲರಿಗೂ ಒಂದೇ ದೊಡ್ಡ ಬಟ್ಟಲು. ಒಬ್ಬರು ಕುಡಿದ ಮೇಲೆ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ, ಸ್ವಲ್ಪ ತಿರುಗಿಸಿ, ಮುಂದಿನವರಿಗೆ ಹಿಡಿಯಬೇಕು. ಒಳಗಿನ ದ್ರಾಕ್ಷಿ ರಸ ಸುಗುಣ ಮನೆಯಲ್ಲೇ ಕಾಯಿಸಿದ್ದು. ನಮ್ಮ ಸಭೆಯ ಪದ್ಧತಿ ಏನೆಂದರೆ, ಉಳಿದ ರಸವನ್ನು ಚೆಲ್ಲಬಾರದು. ಬಟ್ಟಲು ಹಿಡಿದವನೇ ಕೊನೆಯಲ್ಲಿ ಎಲ್ಲರ ಮುಂದೆ ಕುಡಿದು ಖಾಲಿ ಮಾಡಬೇಕು. ನಮ್ಮವರು ನಾಚಿಕೆಗೋ ಭಕ್ತಿಗೋ ತುಟಿ ಒದ್ದೆ ಮಾಡಿಕೊಂಡು ಸರಿದುಬಿಡುತ್ತಾರೆ. ಹಾಗಾಗಿ ಮೂರರಲ್ಲೊಂದು ಭಾಗ ನನ್ನ ಪಾಲಿಗೇ ಉಳಿಯುತ್ತಿತ್ತು. ಮನೆಗೆ ಬಂದರೆ ಸುಗುಣ ನಗುತ್ತಾ, "ಇವತ್ತು ಎಷ್ಟು ಉಳೀತು?" ಎಂದು ಕೇಳುವಳು.

ಇಂಥವನು ರಾಮನಗರದ ದೊಡ್ಡಾಸ್ಪತ್ರೆಯಲ್ಲಿ ಚರ್ಮದ ಡಾಕ್ಟರ ಕೋಣೆಯ ಮುಂದೆ ಚೀಟಿ ಹಿಡಿದು ಕೂತೆ. ನಮ್ಮ ಮುಂದೆ ಹದಿನೇಳು ಜನ. ಸುಗುಣ ಚೀಲದಲ್ಲಿ ಪುರಿ, ನೀರು, ಒಂದು ಟವೆಲ್ ತಂದಿದ್ದಳು, ಮದುವೆಗೆ ಹೊರಟವಳ ಹಾಗೆ. ಒಳಗಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕಣ್ಣು ಮುಚ್ಚಿಕೊಳ್ಳಿ ಎಂದರು. ಹತ್ತಿಯ ಎಳೆಯಿಂದ ಕೈ ಮುಟ್ಟುತ್ತೇನೆ, ಮುಟ್ಟಿದ ಕಡೆ ಬೆರಳು ತೋರಿಸಿ ಎಂದರು. ನಾನು ಕಣ್ಣು ಮುಚ್ಚಿ ಕಾದೆ. ಬಹಳ ಹೊತ್ತು ಕಾದೆ. ಇನ್ನೂ ಶುರು ಮಾಡಿಲ್ಲ ಎಂದುಕೊಂಡಿದ್ದೆ. ಕಣ್ಣು ಬಿಟ್ಟಾಗ ಸುಗುಣ ಅಳುತ್ತಿದ್ದಳು.

ಡಾಕ್ಟರಮ್ಮ ಮೊಣಕೈಯ ಹಿಂದಿನ ನರ ಒತ್ತಿ ನೋಡಿದರು, ಚೀಟಿಯಲ್ಲಿ ಬರೆದರು, ಆಮೇಲೆ ಕನ್ನಡದಲ್ಲೇ ಹೆಸರು ಹೇಳಿದರು. ಕುಷ್ಠ.

ನನ್ನ ಬಾಯಿಂದ ಬಂದ ಮೊದಲ ಮಾತು ನೆನೆದರೆ ಈಗ ನಗು ಬರುತ್ತದೆ. "ಬೈಬಲ್‌ನಾಗೆ ಬತ್ತದಲ್ಲ, ಅದಾ ಮೇಡಂ?" ಎಂದು ಕೇಳಿದೆ.

"ಅಲ್ಲಿರೋದು ಏನೋ ನನಗೆ ಗೊತ್ತಿಲ್ಲ," ಎಂದರು ಅವರು. "ಇಲ್ಲಿರೋದಕ್ಕೆ ಮಾತ್ರೆ ಇದೆ. ಹನ್ನೆರಡು ತಿಂಗಳು, ಒಂದು ದಿನವೂ ತಪ್ಪಿಸಬಾರದು. ಮಾತ್ರೆ ಶುರುವಾದ್ಮೇಲೆ ನಿಮ್ಮಿಂದ ಯಾರಿಗೂ ಹರಡಲ್ಲ. ಮನೇಲಿ ತಟ್ಟೆ ಲೋಟ ಬೇರೆ ಮಾಡೋದು, ಮೂಲೇಲಿ ಮಲಗೋದು, ಅದೆಲ್ಲ ಬೇಡ. ಅರ್ಥ ಆಯ್ತಾ?" ಮೊದಲ ಮಾತ್ರೆಗಳನ್ನು ತಮ್ಮ ಎದುರಿಗೇ ನುಂಗಿಸಿದರು. ಎಲ್ಲವೂ ಸರ್ಕಾರದ್ದೇ.

ಅರ್ಥ ಆಗಿತ್ತು. ಆದರೆ ಚನ್ನಪಟ್ಟಣಕ್ಕೆ ವಾಪಸು ಬರುವ ಬಸ್ಸಿನಲ್ಲಿ ನನ್ನ ತಲೆಯೊಳಗೆ ಓಡುತ್ತಿದ್ದದ್ದು ಡಾಕ್ಟರ ಮಾತಲ್ಲ, ನನ್ನದೇ ಮಾತು. ಶನಿವಾರದ ಕೋಣೆಯಲ್ಲಿ ಎಷ್ಟು ಸಲ ಹೇಳಿದ್ದೆ! ಕುಷ್ಠ ಎಂದರೆ ಪಾಪದ ಗುರುತು, ನಿಧಾನವಾಗಿ ಹರಡುತ್ತದೆ, ನೋವು ತಿಳಿಯದ ಹಾಗೆ ಮಾಡುತ್ತದೆ, ಕೊನೆಗೆ ಜನರಿಂದ ದೂರ ನಿಲ್ಲಿಸುತ್ತದೆ. ಮೂರು ಅಂಶ, ಬೆರಳು ಮಡಿಸಿ ಮಡಿಸಿ. ಸುಟ್ಟ ಬೆರಳನ್ನೂ ಮಡಿಸಿದ್ದೆನೋ ಏನೋ.

ಅಷ್ಟು ಸಾಲದೆಂದು ನಾಟಕ ಬೇರೆ. ಬೇಸಿಗೆಯಲ್ಲಿ ಮಕ್ಕಳಿಗೆ ಹತ್ತು ದಿನ ರಜಾ ಬೈಬಲ್ ಶಾಲೆ ಮಾಡುತ್ತೇವೆ. ಹಾಡು, ಕಥೆ, ಮಧ್ಯೆ ಬನ್ನು ಮತ್ತು ಪಾನಕ. ಬನ್ನಿಗಾಗಿ ಎಲ್ಲ ಜಾತಿಯ ಮಕ್ಕಳೂ ಬರುತ್ತಾರೆ. ಕೊನೆಯ ದಿನ ನಾನು ಬರೆದ ನಾಟಕ, ಯೇಸು ಕುಷ್ಠರೋಗಿಯನ್ನು ಗುಣಪಡಿಸಿದ ಪ್ರಸಂಗ. ರಾಗಿ ಹಿಟ್ಟನ್ನು ಗಂಜಿ ಹದಕ್ಕೆ ಕಾಯಿಸಿ, ಆರಿಸಿ, ಕೈಕಾಲಿಗೆ ಮೆತ್ತಿ, ಮೇಲೆ ಕುಂಕುಮದ ನೀರು ಚಿಮುಕಿಸಿದರೆ ಹುಣ್ಣು ತಯಾರು. ಒಣಗಿದ ಮೇಲೆ ಬಿರುಕು ಬಿಟ್ಟು ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ಹಿಂದಿನ ಸಾಲಿನ ಅಜ್ಜಿಯರು ಮುಖ ತಿರುಗಿಸುತ್ತಿದ್ದರು. ನಾನು ಹಿಗ್ಗುತ್ತಿದ್ದೆ. ಆದರೆ ಸಭೆಯ ಮನೆಯವರು ಯಾರೂ ತಮ್ಮ ಮಗುವನ್ನು ಆ ಪಾತ್ರಕ್ಕೆ ಬಿಡುತ್ತಿರಲಿಲ್ಲ. ಹಾಗಾಗಿ ಹತ್ತಿರದ ಹಳ್ಳಿಯ ಒಕ್ಕಲು ಮನೆಯ ಶೋಭಾ ಎಂಬ ಹುಡುಗಿ ಮೂರು ವರ್ಷ ನಮ್ಮ ಕುಷ್ಠರೋಗಿಯಾಗಿದ್ದಳು. ದೂರ ನಿಲ್ಲಿ, ನಾನು ಅಶುದ್ಧ ಎಂದು ಕೂಗಲು ಕಲಿಸಿದವನು ನಾನೇ. ಗಂಟಲು ಚೆನ್ನಾಗಿತ್ತು ಅವಳದು.

ಮಾತ್ರೆ ತಿಂದ ಮರುದಿನ ಉಚ್ಚೆ ಕೆಂಪಗೆ ಬಂತು. ರಕ್ತ ಹೋಗುತ್ತಿದೆ ಎಂದು ಕೂಗಿಕೊಂಡೆ. ಸುಗುಣ ಆಸ್ಪತ್ರೆಯವರು ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದಳು. "ಮಾತ್ರೆ ಬಣ್ಣ ಅಂತ ಯೋಳಿರ್ನಿಲ್ವಾ? ಬೈಬಲ್ ಅಕ್ಸರ ಒಂದೂ ಮರೆಯಾಕಿಲ್ಲ, ಡಾಕ್ಟ್ರು ಅಂದಿದ್ದು ನೆಪ್ಪಿಲ್ಲ," ಎಂದು ಬೈದಳು. ಆ ಬೈಗುಳ ಎಷ್ಟು ಹಿತವಾಗಿತ್ತು!

ನಾನು ಮಾತ್ರ ಡಾಕ್ಟರು ಬೇಡವೆಂದದ್ದನ್ನೇ ಮಾಡಿದೆ. ನನಗೊಂದು ಸ್ಟೀಲ್ ಲೋಟ ಬೇರೆ ಇಟ್ಟುಕೊಂಡೆ. ತಟ್ಟೆಯನ್ನು ನಾನೇ ತೊಳೆದು ಕಿಟಕಿಯಲ್ಲಿ ಇಡತೊಡಗಿದೆ. ಎರಡು ದಿನ ಸುಗುಣ ಸುಮ್ಮನೆ ನೋಡಿದಳು. ಮೂರನೆಯ ಬೆಳಿಗ್ಗೆ ಆ ಲೋಟದಲ್ಲೇ ಕಾಫಿ ಬಗ್ಗಿಸಿ, ನನ್ನ ಎದುರು ನಿಂತು ಅರ್ಧ ತಾನು ಕುಡಿದು, ಉಳಿದದ್ದನ್ನು ನನ್ನ ಕೈಗೆ ಕೊಟ್ಟಳು. "ಮೂವತ್ತು ವರ್ಸ ಒಂದೇ ಚಾಪೆ ಮ್ಯಾಲೆ ಮಲ್ಗಿ, ಈಗ ಲೋಟ ಬ್ಯಾರೆ ಮಾಡ್ತೀರಾ? ನಾಚ್ಕೆ ಆಗಾಕಿಲ್ವಾ?" ಎಂದಳು. ಲೋಟ ಅವತ್ತೇ ಅಟ್ಟ ಸೇರಿತು.

ಮನೆಯೊಳಗೆ ಹೀಗೆ ಗೆದ್ದೆ. ಸಭೆಯಲ್ಲಿ ಗೆಲ್ಲುವ ಧೈರ್ಯ ಇರಲಿಲ್ಲ. ಬೆನ್ನು ನೋವು, ನಿಲ್ಲಲಾಗುವುದಿಲ್ಲ ಎಂದು ಅಯ್ಯನವರಿಗೆ ಸುಳ್ಳು ಹೇಳಿ ಬಟ್ಟಲನ್ನು ಇನ್ನೊಬ್ಬ ಹಿರಿಯರಿಗೆ ಬಿಟ್ಟುಕೊಟ್ಟೆ. ಬಾಗಿಲ ಹತ್ತಿರದ ಕೊನೆಯ ಬೆಂಚು ಹಿಡಿದೆ. ಭೋಜನಕ್ಕೆ ಮುಂಚೆಯೇ ಎದ್ದು ಹೊರಟುಬಿಡುತ್ತಿದ್ದೆ. ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲಿ ನಿಂತುಕೊಂಡು ಕೂಗಿದರು ಎಂದು ಬೈಬಲ್‌ನಲ್ಲಿ ಒಂದು ಕಡೆ ಬರುತ್ತದೆ. ಆ 'ದೂರ' ಎಷ್ಟು ಮಾರು ಎಂದು ಒಮ್ಮೆ ನಾನು ಲೆಕ್ಕ ಹಾಕಿ ವಿವರಿಸಿದ್ದೆ. ಈಗ ನನಗೆ ಸರಿಯಾದ ಅಳತೆ ಸಿಕ್ಕಿತ್ತು, ಹನ್ನೊಂದು ಬೆಂಚು.

ಆ ದಿನಗಳಲ್ಲೇ ಬೈಬಲ್‌ನ ಯಾಜಕಕಾಂಡದಲ್ಲಿರುವ ಕುಷ್ಠದ ಅಧ್ಯಾಯಗಳನ್ನು ಮತ್ತೆ ತೆಗೆದೆ. ಹೆದರಿಕೊಂಡು ಓದುವವನು ಒಂದೂ ಸಾಲು ಬಿಡುವುದಿಲ್ಲ. ಮೊದಲೆಲ್ಲ ನಾನು ಹಾರಿಸಿ ಓದುತ್ತಿದ್ದ ಭಾಗ ಅಲ್ಲೇ ಇತ್ತು. ಮನುಷ್ಯನ ಚರ್ಮಕ್ಕೆ ಮಾತ್ರವಲ್ಲ, ಬಟ್ಟೆಗೆ ಕುಷ್ಠ, ತೊಗಲಿಗೆ ಕುಷ್ಠ, ಮನೆಯ ಗೋಡೆಗೂ ಕುಷ್ಠ! ಹಸುರು ಕೆಂಪು ಗುಳಿಗಳು ಕಂಡರೆ ಯಾಜಕನನ್ನು ಕರೆಸಿ ತೋರಿಸಬೇಕಂತೆ. ನಾನು ಗಟ್ಟಿಯಾಗಿ ಓದಿದ್ದನ್ನು ಅಡುಗೆ ಮನೆಯಿಂದ ಕೇಳಿಸಿಕೊಂಡ ಸುಗುಣ, "ಗೋಡೆಗೂ ಬತ್ತದಾ? ಅಂಗಾದ್ರೆ ಮಳೆಗಾಲ್ದಾಗೆ ನಮ್ಮ ಬಚ್ಚಲಿಗೆ ಬರೋ ಬೂಷ್ಟು ಅದೇ ಬುಡಿ. ಅದಕ್ಕೂ ಒಸಿ ಮಾತ್ರೆ ತನ್ನಿ," ಎಂದಳು. ತಿಂಗಳಾದ ಮೇಲೆ ಆವತ್ತು ಇಬ್ಬರೂ ನಕ್ಕೆವು.

ಶನಿವಾರದ ಪಾಠದ ನೆಪ ಹೇಳಿ ಅಯ್ಯನವರನ್ನು ಕೇಳಿದೆ. ವಯಸ್ಸಿನಲ್ಲಿ ನನಗಿಂತ ತುಂಬ ಚಿಕ್ಕವರು, ಓದಿಕೊಂಡವರು. "ಮೂಲದ ಪದ ಬಹಳ ಅಗಲವಾದದ್ದು, ಸಾಮಣ್ಣನವರೇ," ಎಂದರು. "ಚರ್ಮದ ಹಲವು ತೊಂದರೆ, ಬೂಷ್ಟು, ಎಲ್ಲ ಅದರಲ್ಲೇ ಬರುತ್ತೆ. ಇವತ್ತು ಆಸ್ಪತ್ರೆಯವರು ಆ ಹೆಸರಿನಿಂದ ಕರೆಯೋ ಕಾಯಿಲೆ ಅದೇ ಅಂತ ಹೇಳಕ್ಕಾಗಲ್ಲ. ನಮ್ಮವರು ಅನುವಾದ ಮಾಡುವಾಗ ಸಿಕ್ಕ ಪದ ಹಾಕಿದರು." ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆದರೂ ಬಾಯಿ ಬಿಡಲಿಲ್ಲ. ಪದದ ಅರ್ಥ ಬೇರೆಯೇ ಇರಬಹುದು, ಆದರೆ ಇಷ್ಟು ವರ್ಷ ಸಭೆಗೆ ನಾನು ಕಲಿಸಿದ ಅರ್ಥ ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತಲ್ಲ! ನನ್ನನ್ನು ನೋಡಿದರೆ ಅವರಿಗೆ ಕಾಣುವುದು ನಾನು ಮೆತ್ತಿದ ರಾಗಿ ಹಿಟ್ಟೇ.

ಮಾತ್ರೆ ತರಲು ಹೋದಾಗ ಆಸ್ಪತ್ರೆಯ ಬೆಂಚಿನ ಮೇಲೆ ಕೂಟಗಲ್ ಕಡೆಯ ರೈತ ಕೆಂಪಣ್ಣ ಸಿಕ್ಕಿದ. ಅವನದೂ ಅದೇ ಮಾತ್ರೆ, ನನಗಿಂತ ನಾಲ್ಕು ತಿಂಗಳು ಹಿರಿಯ. ಅವನಿಗೆ ಗುಟ್ಟು ಎಂಬುದೇ ಗೊತ್ತಿರಲಿಲ್ಲ. "ನಮ್ಮ ಕಡೆ ಇದ್ಕೆ ದೊಡ್ಡ ರೋಗ ಅಂತಾರೆ. ಮಾತ್ರೆ ನೋಡುದ್ರೆ ಇಷ್ಟೇ ಇಷ್ಟು," ಎಂದು ಹಾಳೆಯನ್ನು ಎತ್ತಿ ಹಿಡಿದು ತೋರಿಸಿದ. ನೀನು ಊರವರಿಗೆ ಹೇಳಿದೆಯಾ ಎಂದು ಕೇಳಿದೆ. "ಯೋಳ್ದೆ. ಎಲ್ಡು ದಿನ ಮಾತಾಡಿದ್ರು. ಆಮೇಲೆ ಕಳೆ ಕೀಳೋ ಕಾಲ ಬಂತು, ಆಳಿಲ್ಲ ಅಂತ ಮನೆ ಬಾಗ್ಲಿಗೆ ಬಂದು ಕರುದ್ರು," ಎಂದ. ಆಮೇಲೆ ನನ್ನ ಮುಖ ನೋಡಿ, "ಔಷದಿಗೆ ಮೈ ಕಪ್ಪಾಯ್ತದೆ ಕಣಣ್ಣ, ಎಷ್ಟು ದಿನ ಬಚ್ಚಿಟ್ಕತೀಯ?" ಎಂದ. ಆಗಲೇ ನನ್ನ ಬಣ್ಣ ಕುಂದತೊಡಗಿತ್ತು. ಕೇಳಿದವರಿಗೆ ಬಿಸಿಲು ಎಂದು ಹೇಳುತ್ತಿದ್ದೆ, ಅದೂ ಇಡೀ ದಿನ ಶೆಡ್ಡಿನೊಳಗೆ ಕೂತು ಕೆಲಸ ಮಾಡುವವನು.

ಎರಡನೆಯ ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಬಾಗಿಲಲ್ಲಿ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ನಿಂತಿದ್ದಳು. ಕಾಯಿಲೆಯವರ ಮನೆಯಲ್ಲಿ, ಹತ್ತಿರ ಒಡನಾಡುವವರಲ್ಲಿ ಬೇರೆ ಯಾರಿಗಾದರೂ ಮಚ್ಚೆ ಇದೆಯೇ ನೋಡುವುದು ಅವಳ ಕೆಲಸ. ಚಪ್ಪಲಿ ಬಿಟ್ಟು ಒಳಗೆ ಬಂದು, "ಮೇಷ್ಟ್ರೇ, ಗುರ್ತು ಸಿಗ್ಲಿಲ್ವಾ? ನಾನು ಸೋಬಾ. ನಿಮ್ ನಾಟಕದ ಕುಷ್ಠರೋಗಿ!" ಎಂದಳು.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಮಾತ್ರ ಆರಾಮಾಗಿ ಚಾಪೆಯ ಮೇಲೆ ಕೂತು, ಸುಗುಣ ಕೊಟ್ಟ ಟೀ ಕುಡಿದು, ನನ್ನ ಎಡಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಬೆರಳುಗಳನ್ನು ಒಂದೊಂದಾಗಿ ನೀವಿ, ಬಾಗಿದ ಎರಡನ್ನು ಬಿಡಿಸಿ, ದಿನಾ ಎಣ್ಣೆ ಹಚ್ಚಿ ಹೀಗೆ ಬಿಡಿಸಬೇಕು ಎಂದು ಸುಗುಣಳಿಗೆ ತೋರಿಸಿದಳು. ಸುಗುಣಳನ್ನು ಬಿಟ್ಟರೆ ಎರಡು ತಿಂಗಳಲ್ಲಿ ಆ ಕೈಯನ್ನು ಅಷ್ಟು ಹೊತ್ತು ಹಿಡಿದವಳು ಅವಳೇ. ನನ್ನ ಕಣ್ಣು ತುಂಬಿತು, ಅದನ್ನು ಮರೆಮಾಡಲು ಏನೋ ಮಾತಾಡಬೇಕೆಂದು, "ಆವಾಗ ನಿನಗೆ ಆ ವೇಷ ಹಾಕ್ಸಿದ್ದು ಬೇಜಾರಾಗಿತ್ತೇನವ್ವಾ?" ಎಂದೆ.

"ವೇಸಕ್ಕೆ ಬೇಜಾರಿಲ್ಲ ಬುಡಿ ಮೇಷ್ಟ್ರೇ, ಬನ್ನು ಎಲ್ಡು ಸಿಕ್ಕಾದು," ಎಂದು ನಕ್ಕಳು. ಆಮೇಲೆ ಕೈ ನೀವುತ್ತಲೇ, "ಒಂದೇ ಒಂದು ಬೇಜಾರು. ಕೊನೇಲಿ ನಾನು ಮರದ ಇಂದಕ್ಕೆ ಓಗಿ ಮೈಯೆಲ್ಲ ತೊಳ್ಕಂಡು ಬರೋಗಂಟ ಆ ಯೇಸು ಉಡುಗ ನನ್ನ ಮುಟ್ತಿರ್ನಿಲ್ಲ. ದೂರದಾಗೆ ನಿಂತ್ಕಂಡು ಶುದ್ಧ ಆಗು ಅನ್ನವ್ನು. ತೊಳ್ಕಂಡು ಬಂದ್ಮೇಲೆ ಮುಟ್ಟವ್ನು. ತೊಳ್ದಿರೋ ಕೈನ ಯಾರು ಬೇಕಾದ್ರೂ ಮುಟ್ತಾರೆ, ಅದ್ರಾಗೇನು ದೊಡ್ಡಸ್ತಿಕೆ ಅಂತ ನಾನು ಕೇಳಿದ್ದೆ. ನೀವು, ತಲೆಹರಟೆ ಮಾಡ್ಬ್ಯಾಡ ಅಂತ ಗದರಿದ್ರಿ," ಎಂದಳು.

ಅವಳು ಪುಸ್ತಕದಲ್ಲಿ ಬರೆದುಕೊಂಡು ಹೊರಡುವ ಮುಂಚೆ, ಇನ್ನು ಯಾರ ಜೊತೆ ಹತ್ತಿರ ಕೂರುತ್ತೀರಿ, ಅವರನ್ನೂ ಒಮ್ಮೆ ನೋಡಬೇಕು ಎಂದಳು. ಶನಿವಾರದ ಹನ್ನೆರಡು ಜನರ ಮುಖ ಕಣ್ಣ ಮುಂದೆ ಬಂತು. ನಾನೇ ಹೇಳಿ ಆಮೇಲೆ ತಿಳಿಸುತ್ತೇನೆ, ಒಂದು ವಾರ ಕೊಡು ಎಂದೆ.

ಅವಳು ಹೋದ ಕೂಡಲೇ ಬೈಬಲ್ ತೆಗೆದು ಮಾರ್ಕನ ಸುವಾರ್ತೆಯ ಆ ಪ್ರಸಂಗ ನೋಡಿದೆ. ಬಾಯಿಪಾಠ ಬರುವ ಪ್ರಸಂಗ. ಕನಿಕರಪಟ್ಟ, ಕೈ ಚಾಚಿದ, ಮುಟ್ಟಿದ. ಆಮೇಲೆ ಮಾತು. ಗುಣವಾದದ್ದು ಅದರ ನಂತರ. ಮತ್ತಾಯನಲ್ಲೂ ಹಾಗೇ, ಲೂಕನಲ್ಲೂ ಹಾಗೇ. ಹುಣ್ಣು ಇರುವಾಗಲೇ ಮುಟ್ಟಿದ್ದು. ನಾನು ಯಾಕೆ ಬದಲಾಯಿಸಿದ್ದೆ ಎಂಬುದೂ ನೆನಪಾಯಿತು. ಯೇಸುವಿನ ಪಾತ್ರದ ಹುಡುಗನಿಗೆ ಅವನ ತಾಯಿ ಎಸ್ತರಮ್ಮ ಹೊಸ ಬಿಳಿ ನಿಲುವಂಗಿ ಹೊಲಿಸಿದ್ದರು. ರಾಗಿ ಹಿಟ್ಟು ತಾಗಿದರೆ ಕಲೆಯಾಗುತ್ತದೆ, ತೊಳೆದ ಮೇಲೆ ಮುಟ್ಟಲಿ ಎಂದರು. ನಾನು ಒಪ್ಪಿಕೊಂಡೆ. ಒಂದು ಅಂಗಿಗಾಗಿ. ಒಂದು ಪದ ಆಚೀಚೆಯಾದರೆ ಅಯ್ಯನವರನ್ನೂ ಬಿಡದ ಪದದ ಸಾಮಣ್ಣ, ಇಡೀ ಪ್ರಸಂಗದ ಜೀವ ಇದ್ದ ಜಾಗವನ್ನೇ ತಿರುಗುಮುರುಗು ಮಾಡಿ ವರ್ಷ ವರ್ಷ ಆಡಿಸಿದ್ದ. ಗುಣವಾಗಿ ಬಾ, ಆಮೇಲೆ ಮುಟ್ಟುತ್ತೇವೆ ಎಂದು ಮಕ್ಕಳಿಗೆ ಕಲಿಸಿದವನು ನಾನು. ಈಗ ನಾನೇ ಮರದ ಹಿಂದೆ ನಿಂತು, ಹನ್ನೆರಡು ತಿಂಗಳ ಮಾತ್ರೆ ಮುಗಿದು ತೊಳೆದುಕೊಂಡು ಬರಲು ಕಾಯುತ್ತಿದ್ದೆ.

ಅವತ್ತೇ ಸಂಜೆ ಅಯ್ಯನವರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಮಾತಾಡುವ ಮುಂಚೆ ಎದ್ದು ಬಂದು ನನ್ನ ಪಕ್ಕ ಕೂತರು. ಮುಂದಿನ ಭಾನುವಾರ ಪ್ರಸಂಗಪೀಠದಲ್ಲಿ ನೀವೇ ನಿಲ್ಲಿ ಎಂದರು.

ನಿಂತೆ. ಮೊದಲು ತೋಳು ಮಡಿಸಿ ಮಚ್ಚೆ ತೋರಿಸಿದೆ, ಹೆಸರು ಹೇಳಿದೆ, ಡಾಕ್ಟರು ಹೇಳಿದ್ದನ್ನು ಹೇಳಿದೆ. ಆಶಾ ಕಾರ್ಯಕರ್ತೆ ಬರುತ್ತಾಳೆ, ನಾಚಿಕೊಳ್ಳದೆ ಮೈ ತೋರಿಸಿ ಎಂದೆ. ಆಮೇಲೆ ನಾಟಕದ ತಪ್ಪು ಹೇಳಿದೆ. ಎಸ್ತರಮ್ಮನ ಹೆಸರು ಎತ್ತಲಿಲ್ಲ, ಅಂಗಿಯ ಮಾತು ಎತ್ತಲಿಲ್ಲ. ತಪ್ಪು ನನ್ನದು, ಓದಲು ಬರುತ್ತಿದ್ದವನು ನಾನು ಎಂದಷ್ಟೇ ಹೇಳಿದೆ. ಮುಟ್ಟಿದ್ದು ಮೊದಲು ಎಂದು ಮೂರು ಸುವಾರ್ತೆಗಳಿಂದಲೂ ಓದಿ ತೋರಿಸಿದೆ. ಇಳಿದು ಬಂದಾಗ ಕೆಲವರು ಕೈ ಹಿಡಿದರು. ಕೆಲವರು ಚಪ್ಪಲಿ ಹುಡುಕುವ ಗಡಿಬಿಡಿಯಲ್ಲಿದ್ದರು. ಎಸ್ತರಮ್ಮ ಎಲ್ಲರಿಗಿಂತ ಮೊದಲು ಹೊರಟುಹೋದರು. ಒಂದು ಮನೆಯವರು ಮುಂದಿನ ವಾರದಿಂದ ಬರಲೇ ಇಲ್ಲ.

ಶೋಭಾ ಬಂದು ಎಲ್ಲರನ್ನೂ ನೋಡಿ ಹೋದಳು. ಯಾರಿಗೂ ಏನೂ ಇರಲಿಲ್ಲ. ಅದರ ಹಿಂದೆಯೇ ತಿಂಗಳ ಮೊದಲ ಭಾನುವಾರ ಬಂತು. ನೀವೇ ಬಟ್ಟಲು ಹಿಡಿಯಬೇಕು ಎಂದು ಅಯ್ಯನವರು ಮೊದಲೇ ಹೇಳಿದ್ದರು. ಒಳಕೋಣೆಗೆ ಹೋಗಿ ನೋಡಿದರೆ ಮೇಜಿನ ಮೇಲೆ ಬಟ್ಟಲಿನ ಪಕ್ಕದಲ್ಲಿ ಒಂದು ಟ್ರೇ ಇತ್ತು, ಅದರ ತುಂಬ ಬೆರಳಷ್ಟುದ್ದದ ಪ್ಲಾಸ್ಟಿಕ್ ಲೋಟಗಳು. ಯಾರೋ ಬೆಂಗಳೂರಿಂದ ತರಿಸಿ ಇಟ್ಟಿದ್ದರು. ಯಾರು, ಯಾಕೆ ಎಂದು ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅಯ್ಯನವರ ಮುಖ ಕೆಂಪಾಗಿತ್ತು. "ಇದನ್ನ ತೆಗೆಸಲಾ?" ಎಂದರು.

"ಇರ್ಲಿ ಬುಡಿ ಅಯ್ಯನವ್ರೇ. ಬೇಕಾದೋರು ತಗಳ್ಳಿ," ಎಂದೆ. ಧೈರ್ಯವಾಗಿ ಹೇಳಿದೆ, ಆದರೆ ಕಣ್ಣು ಬಟ್ಟಲಿನ ಕಡೆಗೇ ಹೋಯಿತು. ಬಟ್ಟಲಿನ ಒಳಗೆ ಒಂದು ಗೆರೆ ಇದೆ, ಸುಗುಣ ಎಂದಿನ ಹಾಗೆ ಅಲ್ಲಿವರೆಗೆ ತುಂಬಿದ್ದಳು. ಎಲ್ಲರೂ ಟ್ರೇ ಕಡೆ ಹೋದರೆ ಆ ಗೆರೆಯವರೆಗಿನದನ್ನೆಲ್ಲ ಇಡೀ ಸಭೆಯ ಮುಂದೆ ನಾನೊಬ್ಬನೇ ನಿಂತು ಕುಡಿಯಬೇಕು. ಪದ್ಧತಿ ಪದ್ಧತಿಯೇ.

ಟ್ರೇಯನ್ನು ಪಕ್ಕದ ಮೇಜಿನ ಮೇಲೆ ಇಟ್ಟರು. ನಾನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಎಡಗೈಯ ಎರಡು ಬೆರಳಿಗೆ ಹಿಡಿತ ಗೊತ್ತಾಗದ್ದರಿಂದ ಕಣ್ಣು ಅಲ್ಲೇ ಇಟ್ಟಿದ್ದೆ. ಮೊದಲ ಸಾಲಿನವರು ಏಳಲು ತಡಮಾಡಿದರು. ಆಗ ನಾಲ್ಕನೆಯ ಸಾಲಿನಿಂದ ಎಸ್ತರಮ್ಮ ಎದ್ದರು. ಅರವತ್ತು ದಾಟಿದ ಹೆಂಗಸು, ಮಂಡಿ ನೋವು, ಕೋಲೂರಿಕೊಂಡು ಬಂದರು. ಟ್ರೇ ಕಡೆ ನೋಡಲೇ ಇಲ್ಲ. ನನ್ನ ಮುಂದೆ ನಿಂತು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನನ್ನ ಬಾಗಿದ ಬೆರಳುಗಳ ಮೇಲೆ ತಮ್ಮ ಎರಡೂ ಅಂಗೈ ಇಟ್ಟರು. ಇಟ್ಟ ಕೈ ತಕ್ಷಣ ತೆಗೆಯಲಿಲ್ಲ. ನನಗೆ ಮಾತ್ರ ಕೇಳುವ ಹಾಗೆ, "ಅಂಗಿ ಕೊಳೆ ಆಯ್ತದೆ ಅಂದಿದ್ದು ನಾನು ಕಣಪ್ಪ. ನೀನ್ಯಾಕೆ ನನ್ನೆಸ್ರು ಯೋಳ್ನಿಲ್ಲ?" ಎಂದರು. ಉತ್ತರಕ್ಕೆ ಕಾಯದೆ ಬಟ್ಟಲನ್ನು ಬಾಗಿಸಿಕೊಂಡು ಒಂದು ದೊಡ್ಡ ಗುಟುಕು ಕುಡಿದರು. ತುಟಿ ಒದ್ದೆ ಮಾಡಿಕೊಂಡದ್ದಲ್ಲ, ಗಂಟಲು ಇಳಿಯುವ ಸದ್ದು ಬರುವ ಹಾಗೆ ಕುಡಿದರು.

ಅಂಚು ಒರೆಸಿ ಬಟ್ಟಲು ತಿರುಗಿಸಿದೆ. ಆಮೇಲೆ ಮೊದಲ ಸಾಲು ಎದ್ದಿತು. ಟ್ರೇಯಿಂದ ತೆಗೆದುಕೊಂಡವರೂ ಇದ್ದರು, ನಾನು ಆ ಕಡೆ ತಿರುಗಲಿಲ್ಲ, ಎಣಿಸಲೂ ಇಲ್ಲ. ನನ್ನ ಮುಂದೆ ಬಂದವರು ಒಬ್ಬರಾದ ಮೇಲೆ ಒಬ್ಬರು ಎಸ್ತರಮ್ಮನನ್ನು ನೋಡಿ ಕಲಿತವರ ಹಾಗೆ ಮೊದಲು ಕೈ ಮುಟ್ಟಿದರು, ಆಮೇಲೆ ಕುಡಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ಬಟ್ಟೆ ಒದ್ದೆಯಾಗಿ ಇನ್ನೊಂದು ತೆಗೆದುಕೊಳ್ಳಬೇಕಾಯಿತು. ಸುಗುಣ ಕೊನೆಯಲ್ಲಿ ಬಂದಳು.

ಎಲ್ಲರೂ ಕೂತ ಮೇಲೆ ನಾನು ಸಭೆಯ ಕಡೆ ತಿರುಗಿ, ಪದ್ಧತಿಯಂತೆ ಬಟ್ಟಲು ಎತ್ತಿದೆ. ಸಾಕಷ್ಟು ಇರುತ್ತದೆ ಎಂದು ಅಭ್ಯಾಸದ ಮೇಲೆ ಉಸಿರು ಹಿಡಿದುಕೊಂಡಿದ್ದೆ. ಒಂದೇ ಗುಟುಕು ಬಂತು. ಅಷ್ಟಕ್ಕೇ ತಳ ಕಾಣಿಸಿತು.